ಸಿಸ್ಟಮ್ ತಗಳ್ತಾ ಇಲ್ಲ

ಶೇಂಗಾ ಬಿತ್ತೋ ಹೊತ್ತಿಗೆ ಊರಿಗೆ ಹೋಗಿದ್ದೆ. ಊರು ಅಂದ್ರೆ ರಾಂಪುರ, ಮೊಳಕಾಲ್ಮೂರು ತಾಲ್ಲೂಕು. ಮಳೆ ಬಂದು ಎರಡು ದಿನ ಆಗಿತ್ತು, ಹೊಲ ಹದವಾಗಿತ್ತು. ನಮ್ಮ ಮಾವ ಮಾತ್ರ ಬಿತ್ತನೆ ಬೀಜಕ್ಕೆ ಸಂಘಕ್ಕೆ ಹೋಗಿ ಮೂರನೇ ಸಲ ಬರಿಗೈಲಿ ವಾಪಸ್ ಬಂದಿದ್ದರು.

"ನನ್ ಹೆಸ್ರು ಸಿಸ್ಟಮ್ ತಗಳ್ತಾ ಇಲ್ಲ ಅಂತಾರಪ್ಪ. ಹೆಸ್ರು ಇಟ್ಟಿದ್ದು ನಮ್ಮಪ್ಪ, ಅದ್ರಾಗೆ ನಂದೇನೈತೆ ತಪ್ಪು?"

ಮಾವನ ಜೊತೆ ನಾನೂ ಹೋದೆ. ಮೂಲೇಲಿ ಒಂದು ಹಳೇ ಕಂಪ್ಯೂಟರ್, ಅದರಲ್ಲಿ ಮೈಕ್ರೋಸಾಫ್ಟ್ ಆಕ್ಸೆಸ್‌ನಲ್ಲಿ ಯಾರೋ ಮಾಡಿಕೊಟ್ಟು ಹೋದ ಸದಸ್ಯರ ನೋಂದಣಿ ಫಾರಂ. ಡಾಟಾ ಎಂಟ್ರಿ ಹುಡುಗಿ ನನ್ನೆದುರೇ ಮತ್ತೊಮ್ಮೆ ತುಂಬಿದಳು. ಹೆಸರು, ತಂದೆ ಹೆಸರು, ಸರ್ವೆ ನಂಬರು, ಪಾಸ್‌ಬುಕ್ ನಂಬರು, ಹೀಗೆ ಸುಮಾರು ಇಪ್ಪತ್ತು ಖಾನೆ. ಎಲ್ಲ ಮುಗಿಸಿ ಸೇವ್ ಒತ್ತಿದಾಗ ಇಂಗ್ಲಿಷ್‌ನಲ್ಲಿ ಮೂರು ಸಾಲಿನ ಮೆಸೇಜು. ಇಂಡೆಕ್ಸ್‌ನಲ್ಲೋ ಪ್ರೈಮರಿ ಕೀಯಲ್ಲೋ ರಿಲೇಷನ್‌ಶಿಪ್‌ನಲ್ಲೋ ಡುಪ್ಲಿಕೇಟ್ ಬರ್ತಿದೆ ಅಂತ ಅದರ ಸಾರಾಂಶ. ಯಾವ ಖಾನೇಲಿ ಅಂತ ಮಾತ್ರ ಹೇಳಲ್ಲ. ಅವಳು ಎರಡು ಸಲ ಎಸ್ಕೇಪ್ ಒತ್ತಿದಳು, ತುಂಬಿದ್ದೆಲ್ಲ ಅಳಿಸಿಹೋಯಿತು. "ನೋಡಿ ಸಾರ್, ದಿನಾ ಇದೇ ಗೋಳು," ಅಂದಳು.

ಟೇಬಲ್‌ನ ಡಿಸೈನ್ ವ್ಯೂ ತೆಗೆದೆ. ಹೆಸರಿನ ಖಾನೆಗೆ 'ಇಂಡೆಕ್ಸ್ಡ್: ಯೆಸ್, ನೋ ಡುಪ್ಲಿಕೇಟ್ಸ್' ಅಂತ ಇತ್ತು. ಅಂದ್ರೆ ಒಂದು ಹೆಸರಿನವರು ಒಬ್ಬರೇ ಇರಬೇಕು!

ಇದು ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಯ ಸೀಮೆ. ಬೀದಿಗೊಬ್ಬರಲ್ಲ, ಮನೆಗೊಬ್ಬರು ತಿಪ್ಪೇಸ್ವಾಮಿ ಸಿಗ್ತಾರೆ. ನಮ್ಮ ಮಾವನೂ ಅವರಲ್ಲೊಬ್ಬರು. ಮೊದಲನೇ ತಿಪ್ಪೇಸ್ವಾಮಿ ಆರಾಮಾಗಿ ಒಳಗೆ ಹೋಗಿದ್ದರು. ಎರಡನೆಯವರಿಗೆ ಆ ಹುಡುಗಿ ಹೆಸರಿನ ಕೊನೆಗೆ ಒಂದು ಚುಕ್ಕಿ ಹಾಕಿದ್ದಳು. ಮೂರನೆಯವರಿಗೆ ಎರಡು ಚುಕ್ಕಿ. ಆಮೇಲೆ ಚುಕ್ಕಿ ಇರೋ ಹೆಸರು ಪಾಸ್‌ಬುಕ್ ಹೆಸರಿಗೆ ಹೊಂದ್ತಿಲ್ಲ ಅಂತ ಮೇಲಿನವರಿಂದ ಬೈಸಿಕೊಂಡು ಚುಕ್ಕಿ ಹಾಕೋದನ್ನೇ ಬಿಟ್ಟಿದ್ದಳು. ಅಲ್ಲಿಗೆ ಉಳಿದ ತಿಪ್ಪೇಸ್ವಾಮಿಗಳಿಗೆಲ್ಲ ಬಾಗಿಲು ಬಂದ್.

ಈಗ ಹೇಳಿ, ತಪ್ಪು ಯಾರದು?

ನಾವು ಸಾಫ್ಟ್‌ವೇರ್ ಮಂದಿ ಇದಕ್ಕೆ 'ಯೂಸರ್ ಎರರ್' ಅಂತೀವಿ. ಪ್ರಾಬ್ಲಮ್ ಇರೋದು ಕುರ್ಚಿಗೂ ಕೀಬೋರ್ಡಿಗೂ ಮಧ್ಯೆ ಅಂತ ಜೋಕ್ ಮಾಡಿ ನಗ್ತೀವಿ. ನಾನೂ ನಕ್ಕವನೇ. ಆದರೆ ಆ ಹುಡುಗಿ ಮಾಡಿದ್ದರಲ್ಲಿ ತಪ್ಪೇನಿತ್ತು? ಇದ್ದ ಹೆಸರನ್ನ ಇದ್ದ ಹಾಗೆ ಟೈಪ್ ಮಾಡಿದ್ದಳು, ಅಷ್ಟೆ. 'ಸಿಸ್ಟಮ್ ತಗಳ್ತಾ ಇಲ್ಲ' ಅನ್ನೋದು ಅರ್ಧ ಸತ್ಯ. ಸಿಸ್ಟಮ್‌ಗೆ ಸ್ವಂತ ಅಭಿಪ್ರಾಯ ಇರಲ್ಲ. ತಗೋಬೇಡ ಅಂತ ಅದಕ್ಕೆ ಹೇಳಿಕೊಟ್ಟವನು ನಮ್ಮ ನಿಮ್ಮಂಥ ಒಬ್ಬ ಮನುಷ್ಯ. ಹೇಳಿಕೊಟ್ಟು ಎದ್ದು ಹೋದ. ಬೈಗುಳ ತಿನ್ನೋಳು ಅವಳು, ಹದ ಕಳಕೊಳ್ಳೋರು ಮಾವ.

ಅದೇ ಫಾರಂನಲ್ಲಿ ಇನ್ನೊಂದು ಸಿಕ್ಕಿತು. 'ಡಾಟಾ ಎಂಟ್ರಿ' ಅನ್ನೋ ಪ್ರಾಪರ್ಟಿಗೆ ಯಾರೋ 'ಯೆಸ್' ಕೊಟ್ಟಿದ್ದರು. ಹಾಗೆ ಕೊಟ್ಟರೆ ಫಾರಂ ಪ್ರತಿ ಸಲ ಖಾಲಿಯಾಗೇ ತೆರೆಯುತ್ತೆ, ಹಳೇ ರೆಕಾರ್ಡ್ ಕಾಣಿಸಲ್ಲ. ರೆಕಾರ್ಡೆಲ್ಲ ಟೇಬಲ್‌ನಲ್ಲಿ ಭದ್ರವಾಗೇ ಇರುತ್ತೆ. ಇದು ಗೊತ್ತಿಲ್ಲದೆ ಎಲ್ಲ ಡಿಲೀಟ್ ಆಯ್ತು ಅಂತ ಗಾಬರಿ ಬಿದ್ದು ಒಂದು ವಾರ ಕೂತು ಮತ್ತೆ ಟೈಪ್ ಮಾಡೋಕೆ ನೋಡಿದ್ದಳಂತೆ. ಮಾಡಿದವನು ಒಂದು ಹಾಳೇಲಿ ನಾಲ್ಕು ಸಾಲು ಕನ್ನಡದಲ್ಲಿ ಬರೆದಿಟ್ಟು ಹೋಗಿದ್ದರೆ ಆ ವಾರ ಉಳೀತಿತ್ತು.

ಕಟ್ಟುನಿಟ್ಟು ಇಲ್ಲದಿದ್ರೆ ಕಸ ತುಂಬಿಕೊಳ್ಳುತ್ತೆ ಅಂತ ನೀವು ವಾದಿಸಬಹುದು. ಕೆಲವು ಕಡೆ ನಿಜ. ಸದಸ್ಯತ್ವದ ನಂಬರು ಎರಡು ಸಲ ಬರಬಾರದು, ತೂಕದ ಖಾನೇಲಿ ಅಕ್ಷರ ಬರಬಾರದು. ಆದರೆ ಬದುಕಲ್ಲೇ ಇಲ್ಲದ್ದನ್ನ ಕಡ್ಡಾಯ ಮಾಡಿದರೆ ಜನ ಸುಳ್ಳು ತುಂಬ್ತಾರೆ. ಇದಕ್ಕೆ ಕಂಪ್ಯೂಟರೇ ಬೇಕಿಲ್ಲ. ಹುಟ್ಟಿದ ದಿನ ಗೊತ್ತಿಲ್ಲದ ಮಕ್ಕಳಿಗೆ ಸ್ಕೂಲಿಗೆ ಸೇರಿಸುವಾಗ ಮೇಷ್ಟ್ರು ಜೂನ್ 1 ಅಂತ ಬರೆದುಬಿಡ್ತಿದ್ದರು. ಖಾನೆ ತುಂಬಿತು, ಹುಟ್ಟಿದ ದಿನ ಮಾತ್ರ ಯಾರಿಗೂ ಗೊತ್ತಾಗಲಿಲ್ಲ. ನಮ್ಮ ತಿಪ್ಪೇಸ್ವಾಮಿಗಳ ಚುಕ್ಕಿಯೂ ಅದೇ ಜಾತಿಯದು. ಕಸ ತಡೆಯೋಕೆ ಹಾಕಿದ ರೂಲೇ ಕಸ ಹುಟ್ಟಿಸಿತ್ತು.

ಎದುರಿಗೆ ನಿಂತವನನ್ನ ಲೆಕ್ಕಕ್ಕೆ ತಗೊಂಡ ಉದಾಹರಣೆ ನಮ್ಮ ರಾಜ್ಯದಲ್ಲೇ ಇದೆ. ಭೂಮಿ ಯೋಜನೇಲಿ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿ ಕಂಪ್ಯೂಟರಿಗೆ ಹೋಯಿತು. ತಾಲ್ಲೂಕು ಕಚೇರಿಯ ಕೌಂಟರಿನಲ್ಲಿ 15 ರೂಪಾಯಿಗೆ ಪಹಣಿ ಸಿಗೋ ಕಾಲ ಬಂತು. ತಪ್ಪು ಅಲ್ಲೂ ಇತ್ತು. ಪಹಣಿ ತಿದ್ದುಪಡಿಗೆ ಅಲೆದವರನ್ನ ಕೇಳಿದರೆ ಕಥೆ ಕಥೆಯಾಗಿ ಹೇಳ್ತಾರೆ. ಆದರೆ ಆ ಕೌಂಟರಿನಲ್ಲಿ ಎರಡನೇ ಪರದೆಯೊಂದನ್ನ ರೈತನ ಕಡೆಗೆ ತಿರುಗಿಸಿ ಇಟ್ಟಿದ್ದರು, ಒಳಗೆ ಏನು ನಡೀತಿದೆ ಅಂತ ಅವನೂ ನೋಡಲಿ ಅಂತ. ಆ ಒಂದು ಪರದೆಯ ಹಿಂದೆ ಇದ್ದ ಯೋಚನೆ ನಮ್ಮ ಎಷ್ಟು ಫಾರಂಗಳಲ್ಲಿ ಇದೆ?

ನಾನು ಮಾಡಿದ್ದು ದೊಡ್ಡ ಕೆಲಸವೇನಲ್ಲ. ಮೊದಲು ಫೈಲಿನ ಒಂದು ಕಾಪಿ ತೆಗೆದಿಟ್ಟೆ. ಹೆಸರಿನ ಖಾನೆಗೆ 'ಡುಪ್ಲಿಕೇಟ್ಸ್ ಓಕೆ' ಕೊಟ್ಟು, ಆ ಕಾವಲನ್ನ ಸದಸ್ಯತ್ವದ ನಂಬರಿಗೆ ಹಾಕಿದೆ. 'ಡಾಟಾ ಎಂಟ್ರಿ' ಪ್ರಾಪರ್ಟಿಗೆ 'ನೋ' ಕೊಟ್ಟೆ. ಫಾರಂನ 'ಆನ್ ಎರರ್' ಈವೆಂಟ್‌ನಲ್ಲಿ 3022 ಅನ್ನೋ ಎರರ್ ನಂಬರನ್ನ ಹಿಡಿದು, ಇಂಗ್ಲಿಷ್ ಮೆಸೇಜಿನ ಬದಲು 'ಈ ಸದಸ್ಯತ್ವದ ನಂಬರು ಆಗಲೇ ಇದೆ, ಸರಿಯಾಗಿ ನೋಡಿ' ಅಂತ ಬರೋ ಹಾಗೆ ಮಾಡಿದೆ. ಎಲ್ಲ ಸೇರಿ ಒಂದು ಗಂಟೆ. ಫಾರಂ ಮಾಡಿದವನಿಗೂ ಇಷ್ಟೇ ಹೊತ್ತು ಸಾಕಿತ್ತು. ರಾಂಪುರದಲ್ಲಿ ಅರ್ಧ ದಿನ ಕೂತು ಹತ್ತು ಜನರ ಹೆಸರು ತುಂಬಿ ನೋಡಿದ್ದರೆ ಎರಡನೇ ತಿಪ್ಪೇಸ್ವಾಮಿಯೇ ಅವನಿಗೆ ಪಾಠ ಕಲಿಸ್ತಿದ್ದರು.

ಮಾವನಿಗೆ ಬೀಜ ಸಿಕ್ಕಿತು. ಅಷ್ಟೊತ್ತಿಗೆ ಹೊಲದ ಹದ ಆರಿತ್ತು, ಬಿತ್ತೋಕೆ ಇನ್ನೊಂದು ಮಳೆ ಕಾಯಬೇಕಾಯ್ತು. ಆ ಕಾಯುವಿಕೆಗೆ ಯಾವ ಟೇಬಲ್‌ನಲ್ಲೂ ಖಾನೆ ಇಲ್ಲ.

ಸೋಮವಾರ ಆಫೀಸಿಗೆ ಹೋದಾಗ ಒಂದು ಕೆಲಸ ಮಾಡಿ. ನೀವೇ ಮಾಡಿದ ಫಾರಂ ತೆರೆದು, ಅದರಲ್ಲಿ ನಿಮ್ಮ ಅಜ್ಜಿಯ ವಿವರ ತುಂಬಿ ನೋಡಿ. ಹೆಸರು ಬರೆದ ಮೇಲೆ ಅದು ಲಾಸ್ಟ್ ನೇಮ್ ಕೇಳುತ್ತೆ. ಅಜ್ಜಿಗೆ ಅದು ಇಲ್ಲ. ಅಲ್ಲಿ ನೀವು ಚುಕ್ಕಿ ಹಾಕ್ತೀರಾ, ಇಲ್ಲಾ ಫಾರಂ ಸರಿ ಮಾಡ್ತೀರಾ?