ಜೋಡೆತ್ತಿನ ಬಿಲ್ಲೆ ಗುಜರಿಗೆ ಹಾಕುವ ಮುನ್ನ

ಹಬ್ಬಕ್ಕೆ ಸುಣ್ಣಬಣ್ಣ ಅಂತ ಅಟ್ಟ ಖಾಲಿ ಮಾಡುವಾಗ ಹಳೇ ಟ್ರಂಕಿನಿಂದ ಒಂದಿಷ್ಟು ಚುನಾವಣೆ ಸಾಮಾನು ಹೊರಬರುತ್ತದೆ. ತುಕ್ಕು ಹಿಡಿದ ಜೋಡೆತ್ತಿನ ಬಿಲ್ಲೆ, ಹಸು-ಕರುವಿನ ಹ್ಯಾಂಡ್‌ಬಿಲ್, ಅಭ್ಯರ್ಥಿ ಫೋಟೊ ಇರುವ ಕ್ಯಾಲೆಂಡರ್. ಕಾಗದ, ತಗಡು ಎಲ್ಲಾ ತೂಕಕ್ಕೆ ಬಿದ್ದು ಗುಜರಿ ಗಾಡಿ ಹತ್ತುತ್ತದೆ. ಅದೇ ಬಿಲ್ಲೆ ಮುಂದೆ ಪೇಟೆಯಲ್ಲಿ ಬಿಡಿಯಾಗಿ, ಒಳ್ಳೆ ಬೆಲೆಗೆ ಮಾರಾಟವಾಗುತ್ತದೆ.

ಸಂಗ್ರಹಕಾರರ ಮೇಲೆ ನಮಗೆ ಸಿಟ್ಟಿಲ್ಲ. ಅವರಿಲ್ಲದಿದ್ದರೆ ಇಷ್ಟೂ ಉಳಿಯುತ್ತಿರಲಿಲ್ಲ. ಆದರೆ ಬೆಂಗಳೂರಿನ ಗಾಜಿನ ಬೀರುವಿನಲ್ಲಿ ಅದು ಬರೀ 'ಹಳೇ ಬಿಲ್ಲೆ'. ಯಾವ ಊರಿನದು, ಯಾರ ಅಂಗಿ ಮೇಲಿತ್ತು, ಆ ಸಲ ಯಾವ ಕೇರಿ ಯಾರ ಕಡೆ ಇತ್ತು, ಇದನ್ನೆಲ್ಲಾ ಹೇಳಬಲ್ಲವರು ನಮ್ಮೂರ ಜಗುಲಿ ಮೇಲೆ ಕೂತಿದ್ದಾರೆ. ಸಾಮಾನು ಅಲ್ಲಿ, ಕಥೆ ಇಲ್ಲಿ.

ಇವನ್ನು ಓದುವುದು ಕಷ್ಟವೂ ಅಲ್ಲ. 1952 ಮತ್ತು 1957ರಲ್ಲಿ ಅಭ್ಯರ್ಥಿಗೊಂದರಂತೆ ಬೇರೆ ಬೇರೆ ಮತಪೆಟ್ಟಿಗೆ, ಪೆಟ್ಟಿಗೆಗೆ ಚಿಹ್ನೆ. ಓದು ಬರಹ ಬಾರದವರಿಗೆ ಚಿಹ್ನೆಯೇ ಪಕ್ಷ. ಜೋಡೆತ್ತು ಕಂಡರೆ ಅದು 1969ರ ಒಡಕಿಗೆ ಮುಂಚಿನ ಕಾಂಗ್ರೆಸ್. ಹಸು-ಕರು ಇಂದಿರಾ ಗಾಂಧಿಯವರ 1971ರ ಚುನಾವಣೆಯಿಂದ 1977ರ ತನಕ. ಕೈ ಬಂದದ್ದು 1978ರಲ್ಲಿ. ದೀಪ ಇದ್ದರೆ ಜನಸಂಘ. ಚಕ್ರದೊಳಗೆ ನೇಗಿಲು ಹೊತ್ತ ರೈತ ಇದ್ದರೆ 1977ರಿಂದ ಈಚಿನ ಜನತಾ ಕಾಲದ್ದು. 'ಮೈಸೂರು ವಿಧಾನಸಭೆ' ಎಂದು ಅಚ್ಚಾಗಿದ್ದರೆ 1973ರ ನವೆಂಬರ್‌ಗಿಂತ ಹಿಂದಿನದು. 1978ರ ನವೆಂಬರ್‌ನಲ್ಲಿ ಚಿಕ್ಕಮಗಳೂರಿನಲ್ಲಿ ವೀರೇಂದ್ರ ಪಾಟೀಲರ ಎದುರು ಇಂದಿರಾ ನಿಂತಾಗಿನ ಬಿಲ್ಲೆ ಅಂತ ಯಾರಾದರೂ ಹಸು-ಕರು ತೋರಿಸಿದರೆ ದುಡ್ಡು ಬಿಚ್ಚಬೇಡಿ. ಅಷ್ಟೊತ್ತಿಗೆ ಅವರ ಚಿಹ್ನೆ ಕೈ ಆಗಿತ್ತು.

ಚಂದಕ್ಕೆ ಇಟ್ಟುಕೊಳ್ಳಿ ಅಂತ ನಾವು ಹೇಳುತ್ತಿಲ್ಲ. ಹ್ಯಾಂಡ್‌ಬಿಲ್ ಅಂದರೆ ಬರೆದುಕೊಟ್ಟ ಮಾತು. ಕೆರೆ ಹೂಳು ತೆಗೆಸುತ್ತೇವೆ, ಸೇತುವೆ ಕಟ್ಟಿಸುತ್ತೇವೆ ಎಂದು ಹೆಸರು ಹಾಕಿ ಅಚ್ಚು ಹಾಕಿಸಿದ್ದು. ಕಾಗದ ಹೋದರೆ 'ನಾವು ಹಾಗೆ ಹೇಳೇ ಇಲ್ಲ' ಅನ್ನುವುದು ಸಲೀಸು. ಗೆದ್ದವರ ಫೋಟೊ ಹೇಗೋ ಉಳಿಯುತ್ತದೆ. ಸೋತವರ ಕಟ್ಟುಗಳು ಮಾತ್ರ ನೀರೊಲೆಗೆ. ಸೋತವರು ಏನು ಕೇಳಿದ್ದರು, ಯಾವುದರ ವಿರುದ್ಧ ನಿಂತಿದ್ದರು ಅನ್ನುವುದೂ ಊರಿನ ಚರಿತ್ರೆಯೇ ತಾನೆ? ಈಗಿನ ಫ್ಲೆಕ್ಸ್ ಬಗ್ಗೆ ಕೇಳಲೇಬೇಡಿ, ಮತ ಎಣಿಕೆ ಮುಗಿಯುವ ಮುಂಚೆಯೇ ದನದ ಕೊಟ್ಟಿಗೆಗೆ ಮರೆಯಾಗಿರುತ್ತದೆ.

ನಮ್ಮ ದೊಡ್ಡ ತಕರಾರು ಸರ್ಕಾರಿ ಕಚೇರಿಗಳ ಜೊತೆ. ಪ್ರಜಾಪ್ರತಿನಿಧಿ ಕಾಯ್ದೆಗೆ 1961ರಲ್ಲಿ ಸೇರಿದ 127ಎ ಕಲಂ ಪ್ರಕಾರ ಲೋಕಸಭೆ, ವಿಧಾನಸಭೆ ಚುನಾವಣೆಯ ಪ್ರತಿ ಕರಪತ್ರ, ಪೋಸ್ಟರ್ ಮೇಲೆ ಮುದ್ರಕರು, ಪ್ರಕಾಶಕರ ಹೆಸರು, ವಿಳಾಸ ಇರಲೇಬೇಕು. ಅಚ್ಚಾದ ಮೇಲೆ ಪ್ರೆಸ್‌ನವರು ಒಂದು ಪ್ರತಿಯನ್ನು ಕಳಿಸಬೇಕು: ರಾಜಧಾನಿಯಲ್ಲಿ ಅಚ್ಚಾಗಿದ್ದರೆ ಮುಖ್ಯ ಚುನಾವಣಾಧಿಕಾರಿಗೆ, ಬೇರೆಡೆಯಾದರೆ ಜಿಲ್ಲಾಧಿಕಾರಿಗೆ. ತಪ್ಪಿದರೆ ಆರು ತಿಂಗಳವರೆಗೆ ಜೈಲು, ಇಲ್ಲವೇ 2,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಅಂದರೆ ಕಾನೂನಿನ ಪ್ರಕಾರ ಅರವತ್ತು ವರ್ಷಕ್ಕೂ ಮೀರಿದ ಸಂಗ್ರಹವೊಂದು ಪ್ರತಿ ಜಿಲ್ಲೆಯಲ್ಲೂ ಬೆಳೆದಿರಬೇಕಿತ್ತು. ಎಲ್ಲಿದೆ? ಸುಟ್ಟರೇ, ಮಾರಿದರೇ, ಬಂದೇ ಇಲ್ಲವೇ? 10 ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಡಿ ಕೇಳಬಹುದು, ಕೇಳಿ. ಉತ್ತರ ಬಂದರೆ ನಮಗೂ ಕಳಿಸಿ, ಇಲ್ಲೇ ಹಾಕುತ್ತೇವೆ.

ಗ್ರಾಮ ಪಂಚಾಯಿತಿ ಚುನಾವಣೆಗೆ ಪಕ್ಷದ ಚಿಹ್ನೆ ಇಲ್ಲ. ಹಾಗಾಗಿ ಆಟೋ, ಕುಕ್ಕರ್ ಅಂತ ನಮ್ಮವರೇ ನಿಂತ ಚೀಟಿಗಳು ಯಾವ ಸಂಗ್ರಹಕಾರನಿಗೂ ಬೇಡ. ಅವು ಉಳಿದರೆ ಊರಲ್ಲೇ ಉಳಿಯಬೇಕು.

ಪಂಚಾಯಿತಿ ಗ್ರಂಥಾಲಯ, ಅಂದರೆ ಈಗಿನ ಅರಿವು ಕೇಂದ್ರದಲ್ಲಿ ಒಂದು ಬೀರು ಬಿಡಿಸಿ ಎಂದು ಮುಂದಿನ ಗ್ರಾಮಸಭೆಯಲ್ಲಿ ಅರ್ಜಿ ಕೊಡಿ. ಮಾರಲೇಬೇಕಾದ ಕಷ್ಟ ಇದ್ದರೆ ಮಾರಿ, ತಪ್ಪಲ್ಲ. ಆದರೆ ಅದಕ್ಕೂ ಮೊದಲು ಮೊಬೈಲಿನಲ್ಲಿ ಎರಡೂ ಬದಿಯ ಫೋಟೊ ತೆಗೆಯಿರಿ. ಕೆಳಗಿನ ಸಣ್ಣಕ್ಷರದ ಪ್ರೆಸ್ ಹೆಸರು ಕಾಣುವಂತೆ ಇರಲಿ. ಜೊತೆಗೆ ಮನೆಯ ಹಿರಿಯರನ್ನು ಕೂರಿಸಿಕೊಂಡು ಅದು ಯಾರದು, ಯಾವ ಸಲದ್ದು ಅಂತ ಎರಡು ನಿಮಿಷ ಮಾತಾಡಿಸಿ ರೆಕಾರ್ಡ್ ಮಾಡಿ.