ಎರಡು ಟೆರಾಬೈಟಿನ ಸುಳ್ಳು

ನನ್ನ ವಿದ್ಯಾರ್ಥಿ ಮಿತ್ರರಲ್ಲಿ ಹಾಗೂ ಬಂಧುಗಳಲ್ಲಿ ಮೊದಲು ಒಂದು ತಪ್ಪೊಪ್ಪಿಗೆ. ನಿಮ್ಮಲ್ಲಿ ಹನ್ನೊಂದು ಮಂದಿ 2022ರಲ್ಲಿ ನನ್ನ ಮೇಲೆ ವಿಶ್ವಾಸವಿಟ್ಟು ನಿಮ್ಮ ಮನೆಗಳ ಹಳೆಯ ವಿಡಿಯೊ ಕ್ಯಾಸೆಟ್‌ಗಳನ್ನೂ ಛಾಯಾಚಿತ್ರಗಳನ್ನೂ ಕೊಟ್ಟಿದ್ದಿರಿ. ಶಾಲೆಯ ವಾರ್ಷಿಕೋತ್ಸವಗಳು, ರಾಬರ್ಟ್‌ಸನ್‌ಪೇಟೆಯ ಮದುವೆಗಳು, ಪಾಳಿ ಮುಗಿಸಿ ಶಾಫ್ಟಿನಿಂದ ಹೊರಬರುತ್ತಿರುವ ನಿಮ್ಮ ತಂದೆಯವರು ಅವುಗಳಲ್ಲಿದ್ದರು. ಎಲ್ಲವನ್ನೂ ಕಂಪ್ಯೂಟರಿಗೆ ಏರಿಸಿ ಭದ್ರವಾಗಿ ಇಟ್ಟಿರುವೆನೆಂದು ನಾನು ಹೇಳುತ್ತಾ ಬಂದೆ. ಅದು ಸುಳ್ಳು. ಅವುಗಳಲ್ಲಿ ಮೂರನೆಯ ಒಂದು ಭಾಗ ಮಾತ್ರ ನನ್ನಲ್ಲಿ ಉಳಿದಿದೆ.

ನಡೆದದ್ದು ಇಷ್ಟು. ಬೆಂಗಳೂರಿನ ಅಂಗಡಿಯೊಂದರಲ್ಲಿ ಕ್ಯಾಸೆಟ್‌ಗಳನ್ನು ಡಿಜಿಟಲ್ ರೂಪಕ್ಕೆ ತಂದಾಗ ಒಟ್ಟು ತೊಂಬತ್ತು ಜಿಬಿಯಷ್ಟಾಯಿತು. ನನ್ನ ಹಳೆಯ ಲ್ಯಾಪ್‌ಟಾಪಿನಲ್ಲಿ ಅಷ್ಟು ಜಾಗವಿರಲಿಲ್ಲ. ಒಂದು ರಾತ್ರಿ ಮೊಬೈಲಿನಲ್ಲಿ ಜಾಹೀರಾತೊಂದು ಕಾಣಿಸಿತು: 2 ಟೆರಾಬೈಟ್ ಪೆನ್ ಡ್ರೈವ್, ಗರಿಷ್ಠ ಬೆಲೆ 5,999 ರೂಪಾಯಿ ಎಂಬುದಕ್ಕೆ ಅಡ್ಡಗೀಟು, ಪಕ್ಕದಲ್ಲಿ 799. ಇನ್ನು ಎರಡೇ ಉಳಿದಿವೆ ಎಂಬ ಕೆಂಪಕ್ಷರ. ಕೆಳಗೆ ಗಡಿಯಾರವೊಂದು ಒಂಬತ್ತು ನಿಮಿಷದಿಂದ ಹಿಂದಕ್ಕೆ ಓಡುತ್ತಿತ್ತು. ಮೂವತ್ತೆರಡು ವರ್ಷ ವಿಜ್ಞಾನ ಬೋಧಿಸಿದ ಮನುಷ್ಯ, ಒಂಬತ್ತು ನಿಮಿಷದೊಳಗೆ ಗುಂಡಿ ಒತ್ತಿಬಿಟ್ಟೆ.

ಪೆನ್ ಡ್ರೈವ್ ಬಂತು. ಕಂಪ್ಯೂಟರಿಗೆ ಸಿಕ್ಕಿಸಿದರೆ 2 ಟಿಬಿ ಎಂದೇ ತೋರಿತು. ಎಲ್ಲವನ್ನೂ ಅದಕ್ಕೆ ನಕಲು ಮಾಡಿ ಲ್ಯಾಪ್‌ಟಾಪಿನಲ್ಲಿದ್ದುದನ್ನು ಅಳಿಸಿದೆ. ಕ್ಯಾಸೆಟ್‌ಗಳನ್ನು ನಿಮಗೆ ಹಿಂದಿರುಗಿಸಿದೆ. 2023ರ ಜನವರಿಯಲ್ಲಿ ಒಬ್ಬರು 1991ರ ವಾರ್ಷಿಕೋತ್ಸವದ ನಾಟಕವನ್ನು ಕೇಳಿದಾಗ ತೆರೆಯಲು ಹೋದೆ. ಕಡತದ ಹೆಸರು ಇದೆ, ಗಾತ್ರ ಇದೆ, ದಿನಾಂಕವೂ ಇದೆ. ಆದರೆ ತೆರೆಯುತ್ತಿಲ್ಲ. ಮೊದಲು ನಕಲಿಸಿದ ಸುಮಾರು ಮೂವತ್ತು ಜಿಬಿಯ ನಂತರದ ಒಂದು ಕಡತವೂ ತೆರೆಯಲಿಲ್ಲ.

ಇದರ ಒಳಗುಟ್ಟು ಸರಳ. ಒಳಗಿದ್ದದ್ದು 32 ಜಿಬಿಯ ಚಿಪ್ಪು. ಅದನ್ನು ನಿಯಂತ್ರಿಸುವ ಇನ್ನೊಂದು ಪುಟ್ಟ ಚಿಪ್ಪಿಗೆ, ಯಾರಾದರೂ ಕೇಳಿದರೆ 2 ಟಿಬಿ ಎಂದು ಹೇಳುವಂತೆ ಸುಳ್ಳು ಕಲಿಸಿರುತ್ತಾರೆ. ಕಂಪ್ಯೂಟರು ಕೇಳುತ್ತದೆ, ನಂಬುತ್ತದೆ. ಉಗ್ರಾಣದ ಲೆಕ್ಕದ ಪುಸ್ತಕದಲ್ಲಿ ಪ್ರತಿಯೊಂದು ಮೂಟೆಯ ಹೆಸರೂ ಇದೆ, ಬಾಗಿಲು ತೆರೆದರೆ ಮೂಟೆಗಳೇ ಇಲ್ಲ, ಹಾಗೆ.

ಹಣ ಹೋದದ್ದು 799 ರೂಪಾಯಿ. ಅದು ದೊಡ್ಡದಲ್ಲ. ನಾನು ಬಾಯಿ ಬಿಡದೆ ಕುಳಿತದ್ದು ದೊಡ್ಡದು. ಈ ಡ್ರೈವ್ ಕೈಸೇರಿದ ಹೊಸದರಲ್ಲಿ, ಬಂಗಾರಪೇಟೆಯ ಒಂದು ಮದುವೆಮನೆಯಲ್ಲಿ ಊಟದ ಪಂಕ್ತಿಯಲ್ಲಿ ಕುಳಿತು ಅದನ್ನು ಹೊಗಳಿದ್ದೆ. ಕೇಳಿಸಿಕೊಂಡವರಲ್ಲಿ ನನ್ನ ಹಳೆಯ ಶಿಷ್ಯನೊಬ್ಬನಿದ್ದ. ಮಾರಿಕುಪ್ಪಂ ಕಡೆಯಿಂದ ಬರುವ ಬೆಳಗಿನ ರೈಲಿನಲ್ಲಿ ದಿನವೂ ಬೆಂಗಳೂರಿಗೆ ಕೆಲಸಕ್ಕೆ ಹೋಗುವವನು. ಮೋಸ ಗೊತ್ತಾದ ಮೇಲೆ ಅವನಿಗೆ ಒಂದು ಮಾತು ಹೇಳಬೇಕಿತ್ತು. ಮೇಷ್ಟರು ಟೋಪಿ ಹಾಕಿಸಿಕೊಂಡರೆಂದು ಊರೆಲ್ಲ ನಗುವುದೆಂಬ ಸಂಕೋಚದಿಂದ ಸುಮ್ಮನಾದೆ. ಏಪ್ರಿಲ್‌ನಲ್ಲಿ ಅವನು ತನ್ನ ಮಗಳಿಗೆ ಅಂಥದೇ ಒಂದನ್ನು ತರಿಸಿಕೊಟ್ಟ. ಅವಳ ಇಂಜಿನಿಯರಿಂಗ್ ಕೊನೆಯ ವರ್ಷದ ಪ್ರಾಜೆಕ್ಟ್ ಅದರಲ್ಲಿತ್ತು.

"ಸಾರ್, ನಿಮ್ಮದು ಸರಿಯಾಗಿದೆಯಲ್ಲವೇ? ನಮ್ಮದೇ ಏನೋ ಕೆಟ್ಟು ಬಂದಿರಬೇಕು" ಎಂದು ಅವನು ಫೋನಿನಲ್ಲಿ ಕೇಳಿದಾಗ ನನಗೆ ಮಾತು ಹೊರಡಲಿಲ್ಲ. ಆಮೇಲೆ ಎಲ್ಲವನ್ನೂ ಹೇಳಿದೆ. "ಆಗಲೇ ಹೇಳಬಾರದಿತ್ತೇ ಸಾರ್" ಎಂದನಷ್ಟೆ.

ನಾವು ಯಾವ ಊರಿನವರೆಂಬುದನ್ನು ನೆನೆದರೆ ನಾಚಿಕೆ ಇನ್ನೂ ಹೆಚ್ಚುತ್ತದೆ. ಕೋಲಾರ ಚಿನ್ನದ ಗಣಿಯಲ್ಲಿ ಕಲ್ಲಿನ ಹೊಳಪು ಕಂಡು ಯಾರೂ ಚಿನ್ನವೆಂದು ಬರೆದುಕೊಳ್ಳುತ್ತಿರಲಿಲ್ಲ. ಅದಿರಿನ ಮಾದರಿಯನ್ನು ಪುಡಿ ಮಾಡಿ, ಸೀಸದೊಡನೆ ಕುಲುಮೆಯಲ್ಲಿ ಕರಗಿಸಿ, ಸೀಸವೆಲ್ಲ ಮೂಳೆಬೂದಿಯ ಬಟ್ಟಲಿಗೆ ಇಂಗಿದ ಮೇಲೆ ಉಳಿಯುವ ಸಾಸಿವೆಗಿಂತ ಚಿಕ್ಕ ಮಣಿಯನ್ನು ತೂಗಬೇಕು. ಆಗಲೇ ಒಂದು ಟನ್ ಕಲ್ಲಿನಲ್ಲಿ ಎಷ್ಟು ಗ್ರಾಂ ಎಂಬ ಮಾತು. ಅಸ್ಸೇ ಆಫೀಸಿನಲ್ಲಿ ದುಡಿದ ಹಿರಿಯರೊಬ್ಬರು ನಮ್ಮ ಪಕ್ಕದ ಮನೆಯಲ್ಲಿದ್ದರು. ತರಕಾರಿಯವನ ತಕ್ಕಡಿಯನ್ನೂ ಒಮ್ಮೆ ಖಾಲಿ ಎತ್ತಿ ತೋರಿಸು ಎನ್ನುತ್ತಿದ್ದರು. ಗಣಿ 2001ರ ಫೆಬ್ರುವರಿ 28ರಂದು ಮುಚ್ಚಿತು. ಅವರ ಆ ಅಭ್ಯಾಸ ಮಾತ್ರ ಮುಚ್ಚಲಿಲ್ಲ.

ಹಿಂದಿನ ಅಂಗಡಿಗಳೆಲ್ಲ ಧರ್ಮಛತ್ರಗಳಾಗಿದ್ದವೆಂದು ನಾನು ಹೇಳಲಾರೆ. ರಾಬರ್ಟ್‌ಸನ್‌ಪೇಟೆಯ ಅಂಗಡಿಯಾತ ಬಲ್ಬನ್ನು ಹೋಲ್ಡರಿಗೆ ಹಾಕಿ ಹೊತ್ತಿಸಿ ತೋರಿಸಿಯೇ ಕಾಗದದಲ್ಲಿ ಸುತ್ತುತ್ತಿದ್ದ, ನಿಜ. ಆದರೆ ಅದೇ ಬೀದಿಯಲ್ಲಿ ಪಿಎಂಪಿಒ ಎಂಬ ಮಾಯಾಮಂತ್ರವೂ ಇತ್ತು. ಹತ್ತಿಪ್ಪತ್ತು ವ್ಯಾಟಿನ ಟೇಪ್ ರೆಕಾರ್ಡರಿನ ಮೇಲೆ 1,000 ವ್ಯಾಟ್ ಎಂದು ಬಂಗಾರದ ಅಕ್ಷರದಲ್ಲಿ ಅಚ್ಚಾಗಿರುತ್ತಿತ್ತು. ಮದರಾಸಿನ ಬರ್ಮಾ ಬಜಾರಿನಿಂದ ತಂದ 'ಫಾರಿನ್' ಸಾಮಾನುಗಳ ಕಥೆಯಂತೂ ನಿಮ್ಮ ತಂದೆಯವರಿಗೆ ಚೆನ್ನಾಗಿ ಗೊತ್ತು. ಅಂಕಿಯನ್ನು ಉಬ್ಬಿಸಿ ಮಾರುವುದು ಹೊಸ ವಿದ್ಯೆಯಲ್ಲ.

ಹೊಸದು ಆ ಓಡುವ ಗಡಿಯಾರ. ಮೋಸ ತಿಳಿದ ಮೇಲೆ ನಾನು ಅದೇ ಪುಟವನ್ನು ಮತ್ತೆ ತೆರೆದು ನೋಡಿದೆ. ಗಡಿಯಾರ ಪುನಃ ಒಂಬತ್ತು ನಿಮಿಷದಿಂದಲೇ ಶುರುವಾಯಿತು. ಉಳಿದಿದ್ದವು ಅದೇ ಎರಡು. ಮರುದಿನವೂ ಅಷ್ಟೆ. ಮೆಚ್ಚುಗೆಯ ಸಾಲುಗಳನ್ನು ಆಗ ನಿಧಾನವಾಗಿ ಓದಿದರೆ, ಒಬ್ಬಾಕೆ ಚಹಾ ಚೆನ್ನಾಗಿ ಸೋಸುತ್ತದೆ ಎಂದು ಬರೆದಿದ್ದರು! ಯಾವುದೋ ಟೀ ಸೋಸುವ ಜಾಲರಿಗೆ ಬಂದ ಹೊಗಳಿಕೆಯನ್ನು ಉಳಿಸಿಕೊಂಡು, ಅದೇ ಪುಟದಲ್ಲಿ ಸಾಮಾನನ್ನು ಮಾತ್ರ ಬದಲಿಸಿದ್ದರು. ಐದು ನಿಮಿಷ ಓದಿದ್ದರೆ ನನಗೆ ತಿಳಿಯುತ್ತಿತ್ತು. ಆ ಐದು ನಿಮಿಷವನ್ನು ನನ್ನಿಂದ ಕಿತ್ತುಕೊಳ್ಳಲೆಂದೇ ಗಡಿಯಾರವನ್ನು ಅಲ್ಲಿ ತೂಗುಹಾಕಿದ್ದು. ಇನ್ನು ಅಡ್ಡಗೀಟು ಹಾಕಿದ ಬೆಲೆ. ಎಂಆರ್‌ಪಿಗಿಂತ ಹೆಚ್ಚಿಗೆ ಮಾರಬಾರದೆಂದು ಕಾನೂನು ಹೇಳುತ್ತದೆಯೇ ಹೊರತು, ಆ ಅಂಕಿ ವಸ್ತುವಿನ ಯೋಗ್ಯತೆಯೆಂದು ಹೇಳುವುದಿಲ್ಲ. ಹೊಡೆದುಹಾಕಲೆಂದೇ ಬರೆದ ಅಂಕಿಯಿಂದ ಎಷ್ಟು ಕಳೆದರೇನು?

ನನ್ನೊಬ್ಬನ ಮರುಳುತನವಲ್ಲ ಇದು ಎಂಬ ಸಮಾಧಾನ ನನಗೆ 2023ರ ನವೆಂಬರಿನಲ್ಲಿ ಸಿಕ್ಕಿತು. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರವು ಡಾರ್ಕ್ ಪ್ಯಾಟರ್ನ್ ಎಂಬ ಹೆಸರಿನಲ್ಲಿ ಇಂಥ 13 ಬಗೆಯ ಕುತಂತ್ರಗಳನ್ನು ಗುರುತಿಸಿ ನಿಷೇಧಿಸುವ ಮಾರ್ಗಸೂಚಿಯನ್ನು ಹೊರಡಿಸಿತು. ಪಟ್ಟಿಯ ಮೊದಲಿಗೇ ಇರುವುದು ಹುಸಿ ಅವಸರ. ಕೇಳದ ವಾರಂಟಿಯನ್ನೋ ದೇಣಿಗೆಯನ್ನೋ ಬುಟ್ಟಿಗೆ ತುರುಕುವುದು, ಕೊನೆಯ ಹೆಜ್ಜೆಯಲ್ಲಿ ಬೆಲೆ ಏರಿಸುವುದು, ಬೇಡವೆಂದವರನ್ನು ನಾಚಿಕೆಪಡಿಸುವುದು ಇವೂ ಅದರಲ್ಲಿವೆ. ಕಾನೂನು ಬಂದ ಮಾತ್ರಕ್ಕೆ ಗಡಿಯಾರಗಳು ನಿಂತಿಲ್ಲವೆನ್ನುವುದು ಬೇರೆ ಮಾತು.

ಮೇಷ್ಟರಾದ್ದರಿಂದ ಇಲ್ಲಿ ಒಂದು ನ್ಯಾಯದ ಮಾತನ್ನೂ ಹೇಳಬೇಕು. ಕಡಿಮೆ ತೋರಿದ್ದೆಲ್ಲ ಮೋಸವಲ್ಲ. 64 ಜಿಬಿಯ ಡ್ರೈವ್ ಕಂಪ್ಯೂಟರಿನಲ್ಲಿ ಸುಮಾರು 59.6 ಎಂದು ತೋರಿದರೆ ಗಾಬರಿಯಾಗಬೇಡಿ. ತಯಾರಕರು ಸಾವಿರದ ಲೆಕ್ಕ ಹಿಡಿಯುತ್ತಾರೆ, ಕಂಪ್ಯೂಟರು 1,024ರ ಲೆಕ್ಕ ಹಿಡಿಯುತ್ತದೆ. 20,000 ಎಂಎಎಚ್ ಪವರ್ ಬ್ಯಾಂಕ್ ನಿಮ್ಮ ಫೋನಿಗೆ ಹನ್ನೆರಡು ಹದಿಮೂರು ಸಾವಿರವನ್ನಷ್ಟೇ ಕೊಡುವುದೂ ಸಹಜ. ಒಳಗಿನ ಕೋಶದ 3.7 ವೋಲ್ಟನ್ನು 5 ವೋಲ್ಟಿಗೆ ಏರಿಸುವಾಗ ಅಂಕಿ ಇಳಿಯುತ್ತದೆ, ಒಂದಿಷ್ಟು ಶಾಖವಾಗಿಯೂ ಹೋಗುತ್ತದೆ. ಆದರೆ 50,000 ಎಂದು ಬರೆದುಕೊಂಡ ಪವರ್ ಬ್ಯಾಂಕ್ ಅಡುಗೆಮನೆಯ ತಕ್ಕಡಿಯಲ್ಲಿ 200 ಗ್ರಾಂ ತೂಗಿದರೆ ಅದು ಸುಳ್ಳೇ. ಸಾಮಾನ್ಯ ಉರುಟು ಲಿಥಿಯಂ ಕೋಶವೊಂದು ಸುಮಾರು 45 ಗ್ರಾಂ ತೂಗಿ ಎರಡೂವರೆಯಿಂದ ಮೂರು ಸಾವಿರ ಎಂಎಎಚ್ ಹಿಡಿಯುತ್ತದೆ. 20,000ಕ್ಕೇ ಏಳೆಂಟು ಕೋಶ ಬೇಕು. ಉಳಿದದ್ದನ್ನು ನೀವೇ ಗುಣಿಸಿ. ಪವರ್ ಬ್ಯಾಂಕ್, ಚಾರ್ಜರ್, ಮೊಬೈಲುಗಳ ಮೇಲೆ ಆರ್ ಅಕ್ಷರದಿಂದ ಆರಂಭವಾಗುವ ಬಿಐಎಸ್ ನೋಂದಣಿ ಸಂಖ್ಯೆ ಇರಲೇಬೇಕು. ಅದನ್ನು ಬಿಐಎಸ್ ಕೇರ್ ಎಂಬ ಆ್ಯಪಿನಲ್ಲಿ ಹಾಕಿದರೆ ಯಾರ ಹೆಸರಿನದೆಂದು ತಿಳಿಯುತ್ತದೆ. ಪೆನ್ ಡ್ರೈವ್ ಕೊಂಡರೆ, ಹಿಂದಿರುಗಿಸುವ ಅವಧಿ ಮುಗಿಯುವುದರೊಳಗೆ ಅದನ್ನು ಪೂರ್ತಿ ತುಂಬಿಸಿ ಮತ್ತೆ ಓದಿಸಿ ನೋಡಬೇಕು. ಈ ಕೆಲಸಕ್ಕೆಂದೇ ಎಚ್2ಟೆಸ್ಟ್‌ಡಬ್ಲ್ಯು ಎಂಬ ಉಚಿತ ತಂತ್ರಾಂಶವಿದೆ. ರಾತ್ರಿ ಹಚ್ಚಿಟ್ಟು ಮಲಗಬಹುದು. ನಮ್ಮ ಪಕ್ಕದ ಮನೆಯ ಹಿರಿಯರು ಇದ್ದಿದ್ದರೆ ಇದನ್ನೂ ಅಸ್ಸೇ ಎಂದೇ ಕರೆಯುತ್ತಿದ್ದರು.

ಶಿಷ್ಯನ ವಿಷಯದಲ್ಲಿ ನಾನು ತಡವಾಗಿಯಾದರೂ ಒಂದು ಕೆಲಸ ಮಾಡಿದೆ. ಅವನ ಜೊತೆ ಕುಳಿತು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನು ಮಾಡಿಸಿದೆ. ಕನ್ನಡದಲ್ಲಿಯೇ ಮಾತನಾಡಬಹುದು. 2020ರ ಇ-ವಾಣಿಜ್ಯ ನಿಯಮಗಳ ಪ್ರಕಾರ ಮಾರಾಟದ ತಾಣದ ದೂರು ಅಧಿಕಾರಿ 48 ಗಂಟೆಯೊಳಗೆ ದೂರು ತಲುಪಿದ್ದನ್ನು ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಅವನ ಹಣ ಹಿಂದಿರುಗಿತು. ಬಾರದೇ ಇದ್ದಿದ್ದರೆ ಕೋಲಾರದ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದಿತ್ತು. 2019ರ ಕಾಯಿದೆ ಬಂದ ಮೇಲೆ ಮಾರಾಟಗಾರ ದೆಹಲಿಯಲ್ಲಿದ್ದರೂ ಸೂರತ್ತಿನಲ್ಲಿದ್ದರೂ ನಾವು ವಾಸಿಸುವ ಊರಿನ ಆಯೋಗದಲ್ಲಿಯೇ ದೂರು ಕೊಡಬಹುದು. ಐದು ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವೂ ಇಲ್ಲ. ಹುಡುಗಿ ಎರಡು ವಾರ ನಿದ್ದೆಗೆಟ್ಟು ಪ್ರಾಜೆಕ್ಟನ್ನು ಮತ್ತೆ ಮಾಡಿದಳು. ಅದನ್ನು ಯಾವ ಆಯೋಗವೂ ಹಿಂದಕ್ಕೆ ಕೊಡಲಾರದು.

ಬಂಧುವೊಬ್ಬರು ಈ ಕಥೆ ಕೇಳಿ, ಅತಿಯಾಸೆಯವರಿಗೆ ಹೀಗೆಯೇ ಆಗಬೇಕು ಎಂದರು. ನಾನು ಒಪ್ಪಲಾರೆ. ಬೆಳಗಿನ ಕತ್ತಲಲ್ಲಿ ರೈಲು ಹಿಡಿದು ರಾತ್ರಿ ಮನೆ ಸೇರುವವನು ಮಗಳಿಗಾಗಿ ಅಗ್ಗದ ವಸ್ತುವನ್ನು ಹುಡುಕಿದರೆ ಅದು ಆಸೆಬುರುಕತನವಲ್ಲ, ಸಂಸಾರ. ಮೋಸ ಹೋದವನನ್ನೇ ಹಂಗಿಸುವ ಈ ನಮ್ಮ ಚಾಳಿಯಿಂದಲೇ ಎಲ್ಲರೂ ಬಾಯಿ ಮುಚ್ಚಿಕೊಳ್ಳುತ್ತಾರೆ, ನಾನು ಮುಚ್ಚಿಕೊಂಡಂತೆ. ಒಂದೇ ಬೀದಿಯ ನಾಲ್ಕು ಮನೆಗಳು ಒಂದೇ ಮಾರಾಟಗಾರನಿಗೆ ಪ್ರತ್ಯೇಕವಾಗಿ, ಗುಟ್ಟಾಗಿ, ಕಪ್ಪ ಕಟ್ಟುತ್ತವೆ.

ಈಗ ನಿಮ್ಮಲ್ಲಿ ಒಂದು ವಿನಂತಿ. ಕಂಪ್ಯೂಟರಿನಲ್ಲಿ ಬಂತಲ್ಲ ಎಂದುಕೊಂಡು ಇಬ್ಬರು ತಮ್ಮ ಕ್ಯಾಸೆಟ್‌ಗಳನ್ನು ಹಳೆ ಸಾಮಾನಿನವನಿಗೆ ಹಾಕಿದ್ದಾರೆಂದು ನನಗೆ ತಿಳಿದಿದೆ. ಉಳಿದ ಒಂಬತ್ತು ಮಂದಿ ದಯವಿಟ್ಟು ಅಟ್ಟ, ಬೀರು, ಟ್ರಂಕುಗಳನ್ನು ಒಮ್ಮೆ ನೋಡಿ. ಮುಖ್ಯವಾಗಿ 1991ರ ವಾರ್ಷಿಕೋತ್ಸವದ ಕ್ಯಾಸೆಟ್. ಕಪ್ಪು ಡಬ್ಬಿ, ಬೆನ್ನಿನ ಮೇಲೆ ನೀಲಿ ಶಾಯಿಯಲ್ಲಿ ನನ್ನದೇ ಕೈಬರಹ. ಸಿಕ್ಕಿದರೆ ಫೋನು ಮಾಡಿ. ಬಂಗಾರಪೇಟೆಯಿಂದ ನಾನೇ ಬಂದು ತೆಗೆದುಕೊಂಡು ಹೋಗುತ್ತೇನೆ. ಈ ಸಲ ಎರಡು ಪ್ರತಿ ಮಾಡಿಸಿ, ಎರಡನ್ನೂ ತೆರೆದು ನೋಡಿದ ಮೇಲೆಯೇ ಹಿಂದಿರುಗಿಸುವೆ.