ನೆರೆಹೊರೆ: ಇಡ್ಲಿಯ ಅಡಿಯ ಬಟ್ಟೆ

ಬೆಳಗಿನ ಹೊತ್ತು ಗಾಂಧಿ ಬಜಾರಿಗೆ ಹೂವು ಹಣ್ಣು ತರಕಾರಿಗಳಿಗೆಂದು ಹೋದ ಬಸವನಗುಡಿಯ ಗೃಹಸ್ಥರು ಚೀಲದಲ್ಲಿ ಅವನ್ನಷ್ಟೇ ತುಂಬಿಕೊಂಡು ಹಿಂದಿರುಗುವುದಿಲ್ಲ; ಬೀದಿಯ ನಾಲ್ಕು ಮಾತುಗಳನ್ನೂ ಜೊತೆಗೆ ತರುತ್ತಾರೆ. ಈಚೆಗೆ ಆ ಮಾತುಗಳಲ್ಲಿ ದೊಡ್ಡ ಪಾಲು ಹೋಟೆಲಿನ ಇಡ್ಲಿಯದು. ಎರಡು ಇಡ್ಲಿಗೆ ಒಂದು ಕಡೆ 40 ರೂಪಾಯಿ, ಇನ್ನೊಂದು ಕಡೆ 50. ವಡೆಯೊಂದನ್ನು ಸೇರಿಸಿ ಮೇಲೆ ಕಾಫಿಯನ್ನೂ ಕುಡಿದು ಎದ್ದರೆ ನೂರು ರೂಪಾಯಿಯ ನೋಟಿನಲ್ಲಿ ಕೈಗೆ ಮರಳಿ ಬರತಕ್ಕದ್ದು ಅಲ್ಪ. "ಅಕ್ಕಿ, ಉದ್ದು, ನೀರು, ಈ ಮೂರಕ್ಕೆ ಇಷ್ಟು ಬೆಲೆಯೆ?" ಎಂದು ಕೇಳದವರಿಲ್ಲ.

ಕೇಳುವುದು ನ್ಯಾಯವೇ. ಆದರೆ ಉತ್ತರವನ್ನೂ ಕೇಳಿಸಿಕೊಳ್ಳಬೇಕಷ್ಟೆ. ನಂದಿನಿ ಹಾಲು 2025ರ ಏಪ್ರಿಲ್ 1ರಿಂದ ಲೀಟರಿಗೆ 4 ರೂಪಾಯಿ ಏರಿತು. ಕಾಫಿಬೀಜದ ಧಾರಣೆ ಅದೇ ವರ್ಷದ ಮೊದಲ ತಿಂಗಳುಗಳಲ್ಲಿ ಹಿಂದೆ ಕಾಣದಷ್ಟು ಮೇಲಕ್ಕೆ ಹೋಗಿತ್ತು. ನಮ್ಮ ಮನೆಗಳಿಗೆ ಬರುವ ಅನಿಲದ ಸಿಲಿಂಡರು 14.2 ಕಿಲೋಗ್ರಾಮಿನದು, ಅದರ ಮೇಲಿನ ತೆರಿಗೆ ನೂರಕ್ಕೆ 5. ಹೋಟೆಲಿಗೆ ಹೋಗುವುದು 19 ಕಿಲೋಗ್ರಾಮಿನದು, ಅದರ ಮೇಲಿನ ತೆರಿಗೆ ನೂರಕ್ಕೆ 18. ಹೋಟೆಲಿನಲ್ಲಿ ತಿಂದ ನಾವು 2017ರ ನವೆಂಬರಿನಿಂದ ನೂರಕ್ಕೆ 5ರಂತೆ ತೆರಿಗೆ ಕೊಡುತ್ತಿದ್ದೇವೆ. ಆ ಹಣವನ್ನು ಸರ್ಕಾರಕ್ಕೆ ಕಟ್ಟುವಾಗ ಹೋಟೆಲಿನವರು ತಾವು ಅನಿಲಕ್ಕೂ ಬಾಡಿಗೆಗೂ ಕೊಟ್ಟ ತೆರಿಗೆಯನ್ನು ಅದರಲ್ಲಿ ಕಳೆದುಕೊಳ್ಳುವಂತಿಲ್ಲ. ಹೀಗಾಗಿ ಮನೆಯ ಒಲೆಯ ಲೆಕ್ಕವನ್ನು ಹೋಟೆಲಿನ ಒಲೆಗೆ ಹಿಡಿದು ನೋಡುವುದು ಸರಿಯಾಗಲಾರದು.

ಕ್ರಯದ ಮಾತು ಇಷ್ಟಕ್ಕೆ ಸಾಕು. ನಮ್ಮ ಮನಸ್ಸನ್ನು ಹೆಚ್ಚಾಗಿ ಕಾಡಿದ ಸಂಗತಿ ಬೇರೆಯೊಂದುಂಟು. ನಮ್ಮ ಬೀದಿಯ ಒಂದು ಮನೆಯಲ್ಲಿ ಎಪ್ಪತ್ತು ದಾಟಿದ ತಾಯಿಯೊಬ್ಬರು ಜ್ವರದಿಂದ ಎದ್ದು ಆಸ್ಪತ್ರೆಯಿಂದ ಮನೆಗೆ ಬಂದರು. ಮಗನಿಗೂ ಸೊಸೆಗೂ ಬೆಳಗ್ಗೆ ಎಂಟಕ್ಕೆಲ್ಲ ಕೆಲಸಕ್ಕೆ ಹೊರಡುವ ಆತುರ. ಮೆತ್ತಗಿನ ಆಹಾರ ಕೊಡಿರೆಂದು ವೈದ್ಯರು ಹೇಳಿದ್ದರಿಂದ ಮಗನು ದಿನವೂ ಮೂಲೆಯ ಹೋಟೆಲಿನಿಂದ ಇಡ್ಲಿ ತಂದು ತಾಯಿಯ ಮಂಚದ ಪಕ್ಕದಲ್ಲಿಟ್ಟು ಹೋಗುತ್ತಿದ್ದನು. ಇಂಥ ಮನೆಗಳು ಈಗ ಬೀದಿಗೆ ನಾಲ್ಕುಂಟು. ಜ್ವರ ಬಿಟ್ಟವರಿಗೆ, ಹಲ್ಲಿಲ್ಲದ ವೃದ್ಧರಿಗೆ, ಆಗತಾನೆ ಅನ್ನ ತಿನ್ನಲು ಕಲಿತ ಮಗುವಿಗೆ, ಪರಸ್ಥಳದಲ್ಲಿ ಹೊಟ್ಟೆ ಕೆಡಿಸಿಕೊಂಡವರಿಗೆ ನಾವೆಲ್ಲರೂ ನಿರಪಾಯವೆಂದು ನಂಬಿ ಕೊಡುವ ತಿಂಡಿ ಇಡ್ಲಿ. ಅದಕ್ಕೆ ಎಣ್ಣೆಯಿಲ್ಲ, ಬಣ್ಣವಿಲ್ಲ, ಹಬೆಯಲ್ಲಿ ಬೆಂದದ್ದು.

ಗೋಬಿ ಮಂಚೂರಿಯ ಕೆಂಪು ಬಣ್ಣದ ವಿಚಾರ 2024ರ ಮಾರ್ಚಿಯಲ್ಲಿ ಹೊರಬಿದ್ದಾಗ, ಪರೀಕ್ಷೆಗೆ ತೆಗೆದ 171 ಮಾದರಿಗಳಲ್ಲಿ 107 ತಿನ್ನತಕ್ಕವಲ್ಲವೆಂದು ತಿಳಿದುಬಂದಿತ್ತು. "ಅದನ್ನು ತಿನ್ನು ಎಂದವರಾರು?" ಎಂದು ಮಕ್ಕಳನ್ನು ಗದರಿಸಿ ಹಿರಿಯರು ಸುಮ್ಮನಾದರು. ಇಡ್ಲಿಯ ವಿಚಾರದಲ್ಲಿ ಹಾಗೆ ಸುಮ್ಮನಾಗುವಂತಿಲ್ಲ. 2025ರ ಫೆಬ್ರುವರಿಯಲ್ಲಿ ರಾಜ್ಯದ ಆಹಾರ ಸುರಕ್ಷತೆಯ ಅಧಿಕಾರಿಗಳು 251 ಕಡೆಗಳಲ್ಲಿ ಇಡ್ಲಿ ಬೇಯಿಸುವ ರೀತಿಯನ್ನು ಪರಿಶೀಲಿಸಿದರು. ಅವುಗಳಲ್ಲಿ 52 ಕಡೆ ತಟ್ಟೆಯ ಮೇಲೆ ಬಟ್ಟೆಗೆ ಬದಲಾಗಿ ಪ್ಲಾಸ್ಟಿಕ್ಕಿನ ಹಾಳೆಯನ್ನು ಹಾಸುತ್ತಿದ್ದರೆಂದು ಕಂಡುಬಂತು. ಸರ್ಕಾರವು ಕೂಡಲೇ ಅದನ್ನು ನಿಷೇಧಿಸಿತು. ಪತ್ರಿಕೆಗಳಲ್ಲಿ ನಾಲ್ಕು ದಿನ ಮಾತಾಯಿತು, ಆಮೇಲೆ ಬೇರೆ ಸುದ್ದಿ ಬಂತು. ಇಡ್ಲಿಯಾದರೋ ಅಂದಿನಿಂದಲೂ ದಿನವೂ ಬೇಯುತ್ತಲೇ ಇದೆ.

ಹಿಂದಿನ ಕ್ರಮವನ್ನು ಬಲ್ಲವರಿಗೆ ಹೇಳಬೇಕಾದುದಿಲ್ಲ. ಕುಕ್ಕರಿನ ಗುಣಿಗಳಿಗೆ ಎಣ್ಣೆ ಸವರಿ ಇಡ್ಲಿ ಮಾಡುವ ಹೊಸ ಗೃಹಿಣಿಯರಿಗಾಗಿ ಎರಡು ಮಾತು. ತೂತುಗಳುಳ್ಳ ತಟ್ಟೆಯ ಮೇಲೆ ನೀರಿನಲ್ಲಿ ಅದ್ದಿ ಹಿಂಡಿದ ತೆಳುವಾದ ಹತ್ತಿಯ ಬಟ್ಟೆಯನ್ನು ಹಾಸಿ, ಗುಣಿ ಗುಣಿಗೂ ಹಿಟ್ಟನ್ನು ಹೊಯ್ದು ಹಬೆಗೆ ಇಡುತ್ತಾರೆ. ಹಬೆಯು ತೂತುಗಳಿಂದ ಮೇಲೆ ಬಂದು ನೂಲಿನ ಸಂದುಗಳಲ್ಲಿ ನುಗ್ಗಿ ಹಿಟ್ಟನ್ನು ಅಡಿಯಿಂದಲೂ ಬೇಯಿಸುತ್ತದೆ; ಹೆಚ್ಚಾದ ನೀರನ್ನು ಬಟ್ಟೆ ಹೀರಿಕೊಳ್ಳುತ್ತದೆ. ಬೆಂದ ಮೇಲೆ ಬಟ್ಟೆಯನ್ನೆತ್ತಿ ಮಗುಚಿ, ಬೆನ್ನಿಗೆ ತಣ್ಣೀರು ಚಿಮುಕಿಸಿದರೆ ಇಡ್ಲಿಗಳು ತಾವಾಗಿ ಬಿಟ್ಟುಕೊಳ್ಳುತ್ತವೆ. ಪ್ಲಾಸ್ಟಿಕ್ಕಿನ ಹಾಳೆಗೆ ಹಿಟ್ಟು ಅಂಟದಿರುವ ಗುಣವೊಂದನ್ನು ಬಿಟ್ಟರೆ ಇವುಗಳಲ್ಲಿ ಒಂದೂ ಇಲ್ಲ. ಅದರ ಮೂಲಕ ಹಬೆ ಹಾಯದು, ನೀರನ್ನು ಅದು ಹೀರದು. ಇದಾದರೂ ರುಚಿಯ ಮಾತು. ಆರೋಗ್ಯದ ಮಾತೆಂದರೆ, ನೀರು ಕುದಿಯುವ ಶಾಖದಲ್ಲಿ ಹಾಳೆಯು ಹಸಿಯ ಹಿಟ್ಟನ್ನು ಅಪ್ಪಿಕೊಂಡು ಕುಳಿತಿರುತ್ತದೆ. ಪ್ಲಾಸ್ಟಿಕ್ಕನ್ನು ಮಾಡುವಾಗ ಬೆರೆಸುವ ದ್ರವ್ಯಗಳು ಬಿಸಿ ತಗಲಿದಾಗ ಆಹಾರಕ್ಕೆ ಇಳಿಯುತ್ತವೆ; ಶಾಖ ಹೆಚ್ಚಿದಷ್ಟೂ, ಹೊತ್ತು ಹೆಚ್ಚಿದಷ್ಟೂ ಇಳಿಯುವುದೂ ಹೆಚ್ಚು. ಅಂಥ ದ್ರವ್ಯಗಳಲ್ಲಿ ಕೆಲವು ದೇಹದ ಗ್ರಂಥಿಗಳ ಕೆಲಸವನ್ನೇ ಕೆಡಿಸತಕ್ಕವು. ಅಂಗಡಿಯಲ್ಲಿ ಅಗ್ಗಕ್ಕೆ ಕೊಂಡ ಹಾಳೆ ಯಾವ ಕಾರ್ಯಕ್ಕಾಗಿ ತಯಾರಾದದ್ದೋ ಕೊಂಡವರಿಗೇ ತಿಳಿದಿರುವುದಿಲ್ಲ. ಒಂದು ದಿನ ತಿಂದವನಿಗೆ ಏನೂ ತೋರದು. ಪಥ್ಯವೆಂದು ದಿನವೂ ತಿನ್ನುವವರ ಲೆಕ್ಕ ಬೇರೆ.

ಹಾಳೆ ಹಾಸುತ್ತಿದ್ದ ಒಬ್ಬ ಹೋಟೆಲಿನವರನ್ನು ನಾವು ವಿಚಾರಿಸಿದೆವು. ಹೆಸರು ಬೇಡ, ಒಳ್ಳೆಯ ಮನುಷ್ಯರೇ, ಮುಚ್ಚಿಡದೆ ಹೇಳಿದರು. "ಸ್ವಾಮಿ, ಖರ್ಚು ಬಟ್ಟೆಗಲ್ಲ, ಒಗೆಯುವ ಕೈಗೆ. ಬೆಳಗ್ಗೆ ಐದರಿಂದ ಹತ್ತರವರೆಗೆ ಒಲೆಯಿಂದ ಪಾತ್ರೆ ಇಳಿಯುವುದಿಲ್ಲ. ಒಂದು ಬಟ್ಟೆ ಹಬೆಯಲ್ಲಿ, ಒಂದು ತೊಟ್ಟಿಯಲ್ಲಿ, ಒಂದು ಹಗ್ಗದ ಮೇಲೆ. ಮಳೆಗಾಲದಲ್ಲಿ ಹಗ್ಗದ ಮೇಲಿನದು ಒಣಗಬೇಕಲ್ಲ? ಆ ಕೆಲಸಕ್ಕೆ ನಿಲ್ಲುವ ಹುಡುಗ ತಿಂಗಳಿಗೊಬ್ಬ ಬದಲಾಗುತ್ತಾನೆ. ಹಾಳೆಯಾದರೆ ಕಿತ್ತು ಎಸೆದರಾಯಿತು." ತಟ್ಟೆಗೆ ಎರಡು ರೂಪಾಯಿ ಹೆಚ್ಚಿಸಿ ಬಟ್ಟೆಯನ್ನೇ ಹಾಸಬಾರದೆ ಎಂದು ಕೇಳಿದೆವು. "ಹೆಚ್ಚಿಸಿದ ದಿನವೇ ಎಲ್ಲರೂ ಎದುರಿನವರಲ್ಲಿಗೆ ಹೋಗುತ್ತೀರಿ" ಎಂದು ನಕ್ಕರು. ಅವರ ಕಷ್ಟ ನಿಜವಾದದ್ದು. ಆದರೆ ಒಗೆಯುವ ಕೆಲಸವನ್ನು ಉಳಿಸಿ ಅದರ ಹೊರೆಯನ್ನು ರೋಗಿಯ ತಟ್ಟೆಗೆ ಇಳಿಸುವ ಅಧಿಕಾರ ಯಾರಿಗೂ ಇಲ್ಲವೆಂದು ನಾವೂ ಮುಚ್ಚಿಡದೆ ಹೇಳಿಬಂದೆವು.

ಬೆಲೆಗೂ ಶುಚಿಗೂ ಇರುವ ಈ ಜಗ್ಗಾಟ ಬೆಂಗಳೂರಿಗೆ ಹೊಸದಲ್ಲ. ಉಡುಪಿಯ ಕಡೆಯಿಂದ ಬಂದ ಮಯ್ಯ ಸೋದರರು 1924ರಲ್ಲಿ ಆರಂಭಿಸಿದ ಹೋಟೆಲು ಮುಂದೆ ಮಾವಳ್ಳಿ ಟಿಫಿನ್ ರೂಮ್ಸ್ ಎಂದು ಹೆಸರಾದುದನ್ನು ಎಲ್ಲರೂ ಬಲ್ಲರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿಯ ಅಭಾವ ಬಂದಾಗ ರವೆಯಿಂದ ಇಡ್ಲಿ ಮಾಡಿದವರು ತಾವೇ ಎಂದು ಅವರ ಹೇಳಿಕೆ. ಆ ಮನೆತನದ ಯಜ್ಞನಾರಾಯಣ ಮಯ್ಯರು 1951ರಲ್ಲಿ ಯೂರೋಪಿಗೆ ಹೋಗಿ ಅಲ್ಲಿನ ಹೋಟೆಲುಗಳ ನೈರ್ಮಲ್ಯವನ್ನು ಕಂಡು ಬಂದು, ಪಾತ್ರೆಗಳನ್ನು ರೋಗಾಣುಗಳಿಲ್ಲದಂತೆ ಶುದ್ಧಿಮಾಡುವ ಕ್ರಮವನ್ನು ಇಲ್ಲಿ ತಂದರು. ಗಿರಾಕಿಗಳು ಅಡಿಗೆಮನೆಯನ್ನು ಕಣ್ಣಾರೆ ನೋಡಬಹುದೆಂಬುದು ಆ ಹೋಟೆಲಿನ ಹೆಮ್ಮೆಯಾಗಿತ್ತು. 1975ರ ತುರ್ತುಪರಿಸ್ಥಿತಿಯ ಕಾಲದಲ್ಲಿ ಸರ್ಕಾರವು ಹೋಟೆಲಿನ ತಿಂಡಿಗಳಿಗೆ ತೀರ ಕಡಿಮೆಯ ದರಗಳನ್ನು ಗೊತ್ತುಮಾಡಿದಾಗ, ಆ ಬೆಲೆಗೆ ತಕ್ಕಂತೆ ಪದಾರ್ಥವನ್ನು ಇಳಿಸಲು ಒಪ್ಪದೆ ಅವರು ಹೋಟೆಲನ್ನು ಮುಚ್ಚಿದರು. ರವೆ ಇಡ್ಲಿಯ ಹಿಟ್ಟು ಮುಂತಾದವನ್ನು ಪೊಟ್ಟಣಗಳಲ್ಲಿ ಮಾರುವ ಉದ್ಯೋಗವನ್ನು ಹಿಡಿದರು. ಬಾಗಿಲು ಮತ್ತೆ ತೆರೆದದ್ದು ಕೆಲವು ವರ್ಷಗಳ ಮೇಲೆ. ಕಡಿಮೆ ಬೆಲೆಯ ಸುಖವನ್ನು ಅನುಭವಿಸಬೇಕಾಗಿದ್ದ ಗಿರಾಕಿಗಳಿಗೆ ಆ ವರ್ಷಗಳಲ್ಲಿ ದೊರೆತದ್ದು ಮುಚ್ಚಿದ ಕದ.

ಇನ್ನು ನಮ್ಮ ಗೃಹಸ್ಥರ ಕಡೆಗೆ ತಿರುಗೋಣ. ಇಡ್ಲಿಯ ಅಡಿಯಲ್ಲಿ ಪ್ಲಾಸ್ಟಿಕ್ಕು ಇತ್ತೆಂದು ಕೇಳಿ ಕೆಂಡವಾದವರು, ಅದೇ ಇಡ್ಲಿಗೆ ಹಬೆಯಾಡುವ ಸಾಂಬಾರನ್ನು ತೆಳುವಾದ ಕವರಿಗೆ ಸುರಿಸಿಕೊಂಡು, ಬಾಯಿಗೆ ರಬ್ಬರ್ ಬ್ಯಾಂಡು ಸುತ್ತಿಸಿಕೊಂಡು, ಹಣ್ಣಿನ ಗೊಂಚಲಿನಂತೆ ಬೆರಳಿಗೆ ನೇತುಹಾಕಿಕೊಂಡು ಬರುವುದನ್ನು ನಾವು ಪ್ರತಿದಿನವೂ ನೋಡುತ್ತೇವೆ. ಕುದಿಯುವ ಸಾಂಬಾರಿನಲ್ಲಿ ಹುಳಿಯುಂಟು, ಎಣ್ಣೆಯುಂಟು. ಕವರಿನೊಳಗಿರುವುದನ್ನು ಸೆಳೆದುಕೊಳ್ಳಲು ಬಿಸಿಯ ಜೊತೆಗೆ ಇವೂ ಸಹಾಯವಾಗುತ್ತವೆ. ಪ್ಲಾಸ್ಟಿಕ್ಕಿನ ಕೈಚೀಲಗಳು ನಮ್ಮ ರಾಜ್ಯದಲ್ಲಿ 2016ರಿಂದಲೇ ನಿಷಿದ್ಧ. ಬೋಂಡ ವಡೆಗಳನ್ನು ವೃತ್ತಪತ್ರಿಕೆಯಲ್ಲಿ ಕಟ್ಟಬಾರದೆಂದೂ ಕಾನೂನುಂಟು, ಏಕೆಂದರೆ ಎಣ್ಣೆ ಅಚ್ಚಿನ ಮಸಿಯನ್ನು ಬಿಡಿಸುತ್ತದೆ. ತಳ್ಳುಗಾಡಿಯಲ್ಲಿ ತಟ್ಟೆ ತೊಳೆಯುವ ಶ್ರಮವನ್ನು ತಪ್ಪಿಸಲು ಅದರ ಮೇಲೊಂದು ಹಾಳೆ ಹೊದಿಸಿ ಬಿಸಿ ಅನ್ನವನ್ನು ಬಡಿಸಿದಾಗ "ಎಷ್ಟು ಶುಚಿ!" ಎಂದು ಮೆಚ್ಚಿದವರನ್ನೂ ನಾವು ಬಲ್ಲೆವು.

ಹಿಂದೆ ಹೋಟೆಲಿಗೆ ಹೋಗುವ ಹುಡುಗನ ಕೈಯಲ್ಲಿ ಒಂದು ಕ್ಯಾರಿಯರು ಇದ್ದೇ ಇರುತ್ತಿತ್ತು. ನಮ್ಮ ಮನೆಯಲ್ಲಿ ಆ ಪದ್ಧತಿ ಬಿಟ್ಟುಹೋಗಿಲ್ಲ. ಕೆಳಗಿನ ಡಬ್ಬಿಗೆ ಸಾಂಬಾರು, ನಡುವಿನದಕ್ಕೆ ಚಟ್ನಿ, ಮೇಲಿನದಕ್ಕೆ ಇಡ್ಲಿ. ಯಾವ ಹೋಟೆಲಿನವರೂ ತುಂಬಿಕೊಡಲು ಬೇಸರಪಟ್ಟದ್ದನ್ನು ನಾವು ಕಾಣೆವು. ಕೆಲವು ಕಡೆ ಪಾರ್ಸೆಲ್ಲಿಗೆಂದು ಬೇರೆಯಾಗಿ ಬರೆಯುವ ಹಣವೂ ಉಳಿಯುತ್ತದೆ. ಕೂಗಿದರೆ ಕೇಳುವಷ್ಟು ಹತ್ತಿರದ ಹೋಟೆಲಿಗೆ ಫೋನಿನಲ್ಲಿ ಹೇಳಿ ಮನೆಯ ಬಾಗಿಲಿಗೆ ತರಿಸಿಕೊಳ್ಳುವವರಿಗೆ ಮಾತ್ರ ಕ್ಯಾರಿಯರಿನ ಉಪದೇಶ ನಿಷ್ಫಲ. ಸಾಂಬಾರಿನ ಗೊಡವೆಯೇ ಬೇಡವೆನ್ನುವವರು 1965ರಿಂದ ಶಂಕರಪುರದಲ್ಲಿರುವ ಬ್ರಾಹ್ಮಿನ್ಸ್ ಕಾಫಿ ಬಾರಿಗೆ ಹೋಗಬಹುದು; ಅಲ್ಲಿ ಇಡ್ಲಿಗೆ ಚಟ್ನಿಯುಂಟು, ಸಾಂಬಾರಿಲ್ಲ. ಗಿರಾಕಿಗಳು ಅದಕ್ಕಾಗಿ ಮುನಿದದ್ದಿಲ್ಲ.

ಬಟ್ಟೆಯಲ್ಲಿ ಬೆಂದ ಇಡ್ಲಿಯನ್ನು ಗುರುತಿಸುವುದು ಹೇಗೆಂದು ಕೆಲವು ಸೋದರಿಯರು ಕೇಳಿದ್ದಾರೆ. ಮಗುಚಿ ನೋಡಿದರೆ ಅಡಿಯಲ್ಲಿ ನೇಯ್ಗೆಯ ಗೆರೆಗಳು ಸೂಕ್ಷ್ಮವಾಗಿ ಮೂಡಿರುತ್ತವೆ. ಅಡಿ ನುಣುಪಾಗಿದ್ದ ಮಾತ್ರಕ್ಕೆ ಹೋಟೆಲಿನವರ ಮೇಲೆ ಬೀಳಬಾರದು. ಬಟ್ಟೆಯಿಲ್ಲದೆ ಬರಿಯ ಸ್ಟೀಲಿನ ತಟ್ಟೆಗೆ ಎಣ್ಣೆ ಸವರಿ ಬೇಯಿಸಿದರೂ ಹಾಗೆಯೇ ಇರುತ್ತದೆ, ಅದರಲ್ಲಿ ದೋಷವಿಲ್ಲ. ಸಂಶಯ ಬಂದರೆ ನೋಡಿಯೇ ತಿಳಿಯಬೇಕು. ಇದಕ್ಕೆ ನಿಂತು ತಿನ್ನುವ ದರ್ಶಿನಿಗಳೇ ಅನುಕೂಲ. 1983ರಲ್ಲಿ ಜಯನಗರದ ಕೆಫೆ ದರ್ಶಿನಿಯಿಂದ ಹಬ್ಬಿದ ಈ ಬಗೆಯ ಹೋಟೆಲುಗಳಲ್ಲಿ ಅನೇಕ ಕಡೆ ಒಲೆ ಗಿರಾಕಿಯ ಕಣ್ಣೆದುರಿಗೇ ಇರುತ್ತದೆ; ತಟ್ಟೆ ಎತ್ತುವ ಗಳಿಗೆಯಲ್ಲಿ ಒಂದು ನೋಟ ಹರಿಸಿದರೆ ಸಾಕು. ಒಳಗಡೆ ಅಡಿಗೆಮನೆಯಿರುವ ಕಡೆ ವಿನಯದಿಂದ ಕೇಳಿ ನೋಡಬೇಕು. ಹಾಳೆಯೇ ಕಂಡುಬಂದು, ಹೇಳಿದರೂ ಬಿಡದಿದ್ದರೆ, ಬಿಲ್ಲಿನ ಮೇಲಿರುವ 14 ಅಂಕಿಗಳ ಪರವಾನಗಿ ಸಂಖ್ಯೆಯನ್ನು ಬರೆದುಕೊಂಡು ಆಹಾರ ಸುರಕ್ಷತಾಧಿಕಾರಿಗೆ ತಿಳಿಸಬಹುದು. ಗಲ್ಲಾಪೆಟ್ಟಿಗೆಯ ಮುಂದೆ ನಿಂತು ಕೂಗಾಡುವುದರಿಂದ ಕೆಲಸ ನಡೆಯದು.

ಬಟ್ಟೆಯೆಂದ ಮಾತ್ರಕ್ಕೆ ಎಲ್ಲವೂ ಮುಗಿಯಿತೆಂದೂ ತಿಳಿಯಬಾರದು. ಹುಳಿತು ನಾರುವ ಬಟ್ಟೆಯೂ ರೋಗಕ್ಕೆ ದಾರಿಯೇ. ಮನೆಯಲ್ಲಿ ಬಟ್ಟೆ ಹಾಸಿ ಇಡ್ಲಿ ಮಾಡಬೇಕೆನ್ನುವವರು ಬಣ್ಣವಿಲ್ಲದ ತೆಳುವಾದ ಹತ್ತಿಯ ಬಟ್ಟೆಯನ್ನು ತೆಗೆದುಕೊಳ್ಳಬೇಕು. ಮೆತ್ತಗಾದ ಹಳೆಯ ಪಂಚೆ ಬಹಳ ಉತ್ತಮ, ಕುದಿಸಿ ಬಳಸಬೇಕು. ಹೊಸ ಬಟ್ಟೆಯಾದರೆ ಗಂಜಿ ಹೋಗುವಂತೆ ಎರಡು ಮೂರು ಬಾರಿ ಕುದಿಸಬೇಕು. ಇಡ್ಲಿ ಬಿಡಿಸಿದ ಒಡನೆ ಬಟ್ಟೆಯನ್ನು ತಣ್ಣೀರಿನಲ್ಲಿ ಹಾಕಿ ಉಜ್ಜಬೇಕು. ಬಿಸಿನೀರಿಗೆ ಮೊದಲೇ ಹಾಕಿದರೆ ಉಳಿದ ಹಸಿ ಹಿಟ್ಟು ಬೆಂದು ನೂಲಿಗೆ ಅಂಟಿಬಿಡುತ್ತದೆ. ಅಂಟು ಹೋದ ಮೇಲೆ ಹತ್ತು ನಿಮಿಷ ಕುದಿಸಿ, ಹಿಂಡಿ, ಬಿಸಿಲಿನಲ್ಲಿ ಹರವಬೇಕು. ಪರಿಮಳದ ಸಾಬೂನು ಬೇಡ, ಮರುದಿನ ಅದರ ವಾಸನೆ ಇಡ್ಲಿಯಲ್ಲಿ ಬರುತ್ತದೆ. ಮಳೆಗಾಲದಲ್ಲಿ ಬಿಸಿಲು ಕಾಣದ ದಿನ ಒಲೆಯ ಮೇಲೆ ಬಿಸಿಯಾದ ಬಾಣಲೆಯ ಹತ್ತಿರ ಹರವಿ ಆರಿಸಬಹುದು. ನಮ್ಮ ಮನೆಯವರು ಇಸ್ತ್ರಿ ಪೆಟ್ಟಿಗೆಯಿಂದ ತಿಕ್ಕಿ ಒಣಗಿಸುತ್ತಾರೆ. ಬಟ್ಟೆಗಳು ನಾಲ್ಕಿದ್ದರೆ ಸರದಿಯಂತೆ ಬಳಸಲು ಸುಲಭ. ಕಲೆ ಹಿಡಿದು ಕಪ್ಪಾದದ್ದನ್ನು ಒಲೆ ಒರಸಲು ಇಟ್ಟುಕೊಂಡು ಹೊಸದನ್ನು ತೆಗೆಯತಕ್ಕದ್ದು.